ಪ್ಲಾನಮ್ಮನ ತಗ್ಗು

ನಮ್ಮ ಓಣಿಯಲ್ಲಿ ನನ್ನ ಅತ್ತಿಗೆಯನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಎಲ್ಲರಿಗೂ ಅವಳು ಪ್ಲಾನಮ್ಮ. ಆ ಹೆಸರಿಟ್ಟವಳು ನಾನೇ, ಅದಕ್ಕೆ ನನಗೆ ಎಳ್ಳಷ್ಟೂ ನಾಚಿಕೆಯಿಲ್ಲ. ಮದುವೆಯಾಗಿ ಬಂದ ಹೊಸದರಲ್ಲೇ ಅಡುಗೆಮನೆಯ ಗೋಡೆಗೆ ಒಂದು ಚಾರ್ಟು ಅಂಟಿಸಿ, ಯಾವ ದಿನ ಯಾವ ತರಕಾರಿ, ಯಾರು ಹೆಚ್ಚುವುದು, ಯಾರು ಪಾತ್ರೆ ತೊಳೆಯುವುದು ಎಂದು ಬರೆದವಳಿಗೆ ಇನ್ನೇನು ಹೆಸರಿಡಬೇಕಿತ್ತು? ಪಾತ್ರೆಯ ಸಾಲಿನ ಮುಂದೆ ಅಣ್ಣನ ಹೆಸರು ಕಂಡು ನಾನು ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಅಣ್ಣ ಅಚ್ಚಿನ ಮನೆಯಲ್ಲಿ ಕೆಲಸ ಮಾಡುವವನು. ಕೈಗೆ ಮಸಿ ಮೆತ್ತಿದರೆ ಬೇಜಾರಿಲ್ಲ, ಸೋಪಿನ ನೊರೆ ಮೆತ್ತಿದರೆ ಮಾತ್ರ ಮುಖ ಹುಳ್ಳಗೆ ಮಾಡುತ್ತಿದ್ದ. ಈಗ ಪಾತ್ರೆ ಅವನೇ ತೊಳೆಯುತ್ತಾನೆ. ಪ್ಲಾನಮ್ಮನ ಪ್ಲಾನು ಎಂದರೆ ಹಾಗೆ.

ವಯಸ್ಸಿನಲ್ಲಿ ಅವಳು ನನಗಿಂತ ಚಿಕ್ಕವಳು. ಹಾಗಾಗಿ ನಾನು ಅತ್ತಿಗೆ ಎಂದರೂ ಏಕವಚನದಲ್ಲೇ ಮಾತಾಡಿಸುತ್ತೇನೆ, ಅವಳು ನನ್ನನ್ನು ಅಕ್ಕಾ ಎನ್ನುತ್ತಾಳೆ. ಸಂಬಂಧ ತಲೆಕೆಳಗಾದರೂ ಜಗಳ ಮಾತ್ರ ನೆಟ್ಟಗೇ ನಡೆಯುತ್ತದೆ. ಮನೆಯ ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಅಂಗಡಿ. ಮೆಷಿನ್ನಿನ ಮುಂದೆ ಕೂತರೆ ಓಣಿಯ ಎರಡೂ ತುದಿ ಕಾಣುತ್ತದೆ, ಮನೆಯೊಳಗಿನ ಮಾತೂ ಕೇಳುತ್ತದೆ. ಆದ್ದರಿಂದ ಈ ಕಥೆ ಹೇಳಲು ನನಗಿಂತ ಲಾಯಕ್ಕಾದವರು ಬೇರೆ ಯಾರೂ ಸಿಗುವುದಿಲ್ಲ.

ಅವಳ ಕೆಲಸ ಏನು ಎಂದು ಗಿರಾಕಿಗಳು ಕೇಳಿದಾಗಲೆಲ್ಲ ನಾನು ತಡವರಿಸುತ್ತಿದ್ದೆ. ಅದೊಂದು ರಾಜ್ಯಮಟ್ಟದ ಒಕ್ಕೂಟ. ಇಡೀ ರಾಜ್ಯದ ಜನ ಹದವಾಗಿ ಉಣ್ಣಬೇಕು, ದಿನಾ ಒಂದಿಷ್ಟು ಮೈ ಬಗ್ಗಿಸಬೇಕು, ಆಡಬೇಕು, ನಡೆಯಬೇಕು, ಅದಕ್ಕೆ ಬೇಕಾದ್ದನ್ನು ಎಲ್ಲರೂ ಸೇರಿ ಒದಗಿಸಬೇಕು ಎನ್ನುವುದು ಅದರ ಗುರಿ. ಎಲ್ಲರೂ ಎಂದರೆ ಶಾಲೆ ಇಲಾಖೆಯವರು, ನಗರಸಭೆಯ ಉದ್ಯಾನದವರು, ಕ್ರೀಡೆಯವರು, ಆರೋಗ್ಯದವರು, ಜೊತೆಗೆ ಒಂದಷ್ಟು ಕಾಲೇಜು, ಆಸ್ಪತ್ರೆ, ಸಂಘ. ಇವರನ್ನೆಲ್ಲ ಒಂದು ಮೇಜಿನ ಸುತ್ತ ಕೂರಿಸಿ, ಮುಂದಿನ ಐದು ವರ್ಷಕ್ಕೆ ಕಾರ್ಯಯೋಜನೆ ಬರೆಸುವವಳು ನಮ್ಮ ಅತ್ತಿಗೆ. ಹುದ್ದೆಯ ಹೆಸರು ಸಂಯೋಜಕಿ. "ಅಂದ್ರೆ ಏನ್ ಮಾಡ್ತಾರೆ?" ಎಂದು ಮತ್ತೆ ಕೇಳಿದರೆ, "ಮೀಟಿಂಗ್ ಮಾಡ್ತಾಳೆ, ಕೈ ಮೇಲೆತ್ತಿ," ಎಂದು ನಾನು ತೋಳಿನ ಅಳತೆ ತೆಗೆಯುತ್ತಿದ್ದೆ.

ಆ ಮೀಟಿಂಗುಗಳಲ್ಲಿ ಸಕ್ಕರೆಗೆ ಪ್ರವೇಶವಿಲ್ಲ. ಹಾಗಾಗಿ ಸದಸ್ಯರು ಜೇಬಿನಲ್ಲಿ ಬಿಸ್ಕತ್ತು ಇಟ್ಟುಕೊಂಡು ಬರುತ್ತಿದ್ದರಂತೆ. ಊರವರೆಲ್ಲ ನಡೆಯಲಿ ಎಂದು ಬರೆಯುವ ಅತ್ತಿಗೆ ತಾನು ನಡೆಯುತ್ತಿದ್ದದ್ದು ಮನೆಯಿಂದ ಬಸ್ ಸ್ಟಾಪಿಗೆ, ಸ್ಟಾಪಿನಿಂದ ಮನೆಗೆ. ಸಂಜೆ ಡಬ್ಬಿ ತೆಗೆದರೆ ಅರ್ಧ ಊಟ ಹಾಗೇ ಇರುತ್ತಿತ್ತು. "ಪೌಷ್ಟಿಕತೆ ಒಕ್ಕೂಟದವಳೇ, ಇದೇನೇ ಇದು?" ಎಂದು ನಾನು ಡಬ್ಬಿಯನ್ನು ಅವಳ ಮೂಗಿನ ಕೆಳಗೆ ಹಿಡಿಯುತ್ತಿದ್ದೆ. "ಇವತ್ತು ಕರಡು ಮುಗೀಬೇಕಿತ್ತು ಅಕ್ಕಾ," ಎನ್ನುತ್ತಿದ್ದಳು. ಅವಳ ಕರಡು ಮುಗಿದದ್ದನ್ನು ನಾನು ಕಂಡಿಲ್ಲ.

ಅವಳ ಒಂದೇ ಒಂದು ಪ್ಲಾನು ಮಾತ್ರ ನನ್ನ ಕಣ್ಣೆದುರೇ ಪೂರ್ತಿ ಗೆದ್ದಿತು. ಅದು ಅಪ್ಪನದು.

ಅಪ್ಪ ಬಸ್ ಡ್ರೈವರ್ ಆಗಿದ್ದವರು. ನಿವೃತ್ತಿಯಾದ ಮೇಲೆ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೇಳಿದ ಮಾತು ಕೇಳದಾದವು. ಆಸ್ಪತ್ರೆಯಿಂದ ಮನೆಗೆ ಬಂದವರು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರು. ನಾನು ಅತ್ತು ಕರೆದೆ, ಅಣ್ಣ ಗದರಿದ, ಏನೂ ಆಗಲಿಲ್ಲ. ಅತ್ತಿಗೆ ಒಂದು ಉದ್ದನೆಯ ಕಾಗದ ತಂದು ಮಂಚದ ಎದುರಿಗೆ ಅಂಟಿಸಿದಳು. ಅದರ ಮೇಲೆ ಬಸ್ಸಿನ ರೂಟಿನ ಹಾಗೆ ಗೆರೆ ಎಳೆದು ಸ್ಟಾಪುಗಳನ್ನು ಬರೆದಿದ್ದಳು: ಮಂಚ, ಕುರ್ಚಿ, ಬಾಗಿಲು, ನಲ್ಲಿ, ಕಂಡಿ, ಕೊನೆಗೆ ತಗ್ಗು. "ಮಾವಾ, ಈ ರೂಟಿಗೆ ಡ್ರೈವರ್ ಸಿಕ್ತಾ ಇಲ್ಲ," ಎಂದಳು. ಅಪ್ಪ ಬಹಳ ಹೊತ್ತು ಆ ಕಾಗದ ನೋಡಿದರು. ಆಮೇಲೆ ಎಡಗೈಯಲ್ಲಿ ಮಂಚದ ಅಂಚು ಹಿಡಿದು ಏಳಲು ನೋಡಿದರು.

ಕುರ್ಚಿ ಸ್ಟಾಪು ಮುಟ್ಟಲು ವಾರಗಟ್ಟಲೆ ಹಿಡಿಯಿತು. ಬಾಗಿಲು ಮುಟ್ಟಿದ ದಿನ ಅಪ್ಪ ಬಾಯಲ್ಲೇ ಹಾರ್ನ್ ಹೊಡೆದರು, ಸೊಟ್ಟಗಾದ ತುಟಿಯಿಂದ ಜೊಲ್ಲು ಹಾರಿತು, ನಾವು ಮೂವರೂ ನಗುತ್ತಾ ಅತ್ತೆವು. ಆರೇಳು ತಿಂಗಳಿಗೆ ಅವರು ಕೋಲು ಹಿಡಿದು ಒಬ್ಬರೇ ತಗ್ಗಿಗೆ ಹೋಗಿ, ಒಂದು ಸುತ್ತು ಹಾಕಿ ಬರುವಂತಾದರು. ಡಾಕ್ಟರು, "ಈ ನಡಿಗೆ ಒಂದು ತಪ್ಪಿಸ್ಬೇಡಿ. ತಪ್ಪಿದ್ರೆ ಕಾಲು ಬಿಗಿದುಕೊಳ್ಳುತ್ತೆ," ಎಂದು ಕಡ್ಡಿ ಮುರಿದಂತೆ ಹೇಳಿದ್ದರು.

ತಗ್ಗು ಎಂದರೆ ನಮ್ಮ ಓಣಿಯ ಹಿಂದಿರುವ ಬಯಲು. ಸುತ್ತಲಿನ ರಸ್ತೆಗಳಿಗಿಂತ ಸ್ವಲ್ಪ ತಗ್ಗಿನಲ್ಲಿದೆ, ಅದಕ್ಕೇ ಆ ಹೆಸರು. ಹಿಂದಿನ ಗೋಡೆ ಒಂದು ಕಡೆ ಒಡೆದು ಕಂಡಿಯಾಗಿದೆ, ಓಣಿಯವರೆಲ್ಲ ಅದರಲ್ಲೇ ನುಸುಳುತ್ತೇವೆ. ಆಚೆ ಮೂರು ಕಡೆ ದೊಡ್ಡ ರಸ್ತೆಗಳು, ಆ ಕಡೆಗೂ ಬಾಗಿಲುಗಳಿವೆಯಂತೆ, ನಮಗೆ ಅತ್ತ ಹೋಗುವ ಕೆಲಸವೇ ಇಲ್ಲ. ಸವೆದ ಹುಲ್ಲು, ಚೆಂಡಾಡುವ ಮಕ್ಕಳು, ನಾಯಿಗಳು, ಒಣಗಲು ಹಾಕಿದ ಕಂಬಳಿಗಳು, ನಡುವೆ ಕೋಲೂರಿಕೊಂಡು ಅಪ್ಪ. ಇಷ್ಟೇ ನಮ್ಮ ತಗ್ಗು.

ಒಕ್ಕೂಟದವರು ಹೊಸ ಕಾರ್ಯಯೋಜನೆಗೆ ಕೂತ ವರ್ಷ ಅತ್ತಿಗೆ ನನಗೂ ಒಂದು ಕೆಲಸ ಕೊಟ್ಟಳು. ರಾಜ್ಯದ ದೊಡ್ಡ ನಕಾಶೆಯೊಂದನ್ನು ದಪ್ಪ ಬಟ್ಟೆಗೆ ಹೊಲಿದು ಕೊಡಬೇಕು, ಅದಕ್ಕೆ ಗುಂಡುಪಿನ್ನು ಚುಚ್ಚುವಂತಿರಬೇಕು. ಹೊಲಿದು ನಾನೇ ಹೊತ್ತುಕೊಂಡು ಹೋಗಿ ಅವರ ಸಭೆಯ ಕೋಣೆಯ ಗೋಡೆಗೆ ತೂಗುಹಾಕಿದೆ. ತೂಗುಹಾಕಿದವಳು ಹಾಗೇ ಹಿಂದಿನ ಸಾಲಿನಲ್ಲಿ ಕೂತು ನೋಡಿದೆ. ಅವರ ಪದ್ಧತಿ ಹೀಗೆ: ಒಂದೊಂದು ಇಲಾಖೆಗೆ ಒಂದೊಂದು ಬಣ್ಣದ ಪಿನ್ನು. ಜನ ಆಡಲು, ನಡೆಯಲು ತಮ್ಮ ಬಳಿ ಎಲ್ಲೆಲ್ಲಿ ಜಾಗವಿದೆಯೋ ಅಲ್ಲಲ್ಲಿ ಚುಚ್ಚುತ್ತಾ ಹೋಗಬೇಕು. ಶಾಲೆಯವರು ಹಳದಿ, ಉದ್ಯಾನದವರು ಹಸಿರು, ಕ್ರೀಡೆಯವರು ಕೆಂಪು, ಆರೋಗ್ಯದವರು ನೀಲಿ. ಒಬ್ಬರು ಚುಚ್ಚಿದ ತೂತಿಗೆ ಇನ್ನೊಬ್ಬರ ಪಿನ್ನು ಹೋಗುವುದಿಲ್ಲ, ಆದ್ದರಿಂದ ಪಕ್ಕದಲ್ಲಿ ಜಾಗ ನೋಡಿ ಚುಚ್ಚುತ್ತಿದ್ದರು. ಸಂಜೆಯ ಹೊತ್ತಿಗೆ ನಕಾಶೆ ಬಣ್ಣಬಣ್ಣವಾಗಿ ಬಹಳ ಚೆನ್ನಾಗಿ ಕಾಣುತ್ತಿತ್ತು.

"ನಮ್ಮ ತಗ್ಗು ಎಲ್ಲೇ?" ಎಂದು ನಾನು ಅತ್ತಿಗೆಯ ಕಿವಿಯಲ್ಲಿ ಕೇಳಿದೆ.

"ಶ್! ಅದು ಯಾರ ಲೆಕ್ಕದಲ್ಲೂ ಇಲ್ಲ. ಇರೋದೂ ಬೇಡ. ಕಣ್ಣಿಗೆ ಬಿದ್ರೆ ಯಾರಾದ್ರೂ ಏನಾದ್ರೂ ಕಟ್ತಾರೆ. ಮಾವನಿಗೆ ಜಾಗ ಇರಲ್ಲ," ಎಂದಳು. ನನಗೆ ಅವಳ ಜಾಣತನ ಕಂಡು ಖುಷಿಯಾಯಿತು.

ಆಮೇಲಿನ ಒಂದು ಮೀಟಿಂಗಿನಲ್ಲಿ ಒಕ್ಕೂಟಕ್ಕೊಂದು ಸಂಪನ್ಮೂಲ ಕೇಂದ್ರ ಕಟ್ಟಬೇಕೆಂದು ತೀರ್ಮಾನವಾಯಿತು. ಅಡುಗೆ ಕಲಿಸುವ ಕೋಣೆ, ವ್ಯಾಯಾಮದ ಕೋಣೆ, ಸಭಾಂಗಣ ಎಲ್ಲ ಇರುವ ಕಟ್ಟಡ. ಜಾಗ ಎಲ್ಲಿ? ಅತ್ತಿಗೆ ನಕಾಶೆಯ ಮುಂದೆ ನಿಂತು, ನಗರದ ಪೂರ್ವ ಭಾಗದಲ್ಲಿ ನಾಲ್ಕೂ ಬಣ್ಣದ ಪಿನ್ನುಗಳು ಒತ್ತಾಗಿರುವುದನ್ನು ತೋರಿಸಿದಳು. ಇಲ್ಲಿ ಜಾಗ ಧಾರಾಳವಾಗಿದೆ, ಒಂದನ್ನು ಕೇಂದ್ರಕ್ಕೆ ಕೊಟ್ಟರೂ ಜನರಿಗೆ ತೊಂದರೆಯಿಲ್ಲ ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ನಿವೃತ್ತ ಡಾಕ್ಟರು, ಸುಲಭಕ್ಕೆ ಯಾರನ್ನೂ ಹೊಗಳದವರು, ಅವರೂ ಭೇಷ್ ಎಂದರಂತೆ. ಮನೆಗೆ ಬಂದು ಇದನ್ನು ಹೇಳುವಾಗ ಅವಳ ಮುಖ ಊರಗಲವಾಗಿತ್ತು. ಜಾಗ ಹಸ್ತಾಂತರ, ಗುತ್ತಿಗೆ, ಇವೆಲ್ಲ ಅವಳ ಮೇಜಿಗೆ ಬರುವುದಿಲ್ಲ. ಬೇರೆಯವರು ನೋಡಿಕೊಂಡರು, ಯಾವ ಇಲಾಖೆಯ ಜಾಗ ಎಂದು ಯಾರೂ ಕೇಳಲಿಲ್ಲ.

ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ. ನಾನು ಅಂಗಡಿಯ ಬಾಗಿಲು ತೆಗೆಯುತ್ತಿದ್ದೆ. ಆಗಷ್ಟೇ ತಗ್ಗಿಗೆ ಹೋಗಿದ್ದ ಅಪ್ಪ ಅಷ್ಟು ಬೇಗ ವಾಪಸು ಬಂದು ಮೆಟ್ಟಿಲ ಮೇಲೆ ನಿಂತಿದ್ದರು.

"ಏನಾಯ್ತಪ್ಪಾ?"

"ಕಂಡಿಗೆ ತಗಡು ಹೊಡೆದಿದ್ದಾರೆ. ಒಳಗೆ ಜೆಸಿಬಿ ಓಡಾಡ್ತಿದೆ."

ಅತ್ತಿಗೆ ಬಾಚಣಿಗೆ ಕೈಯಲ್ಲಿ ಹಿಡಿದೇ ಓಡಿದಳು, ಹಿಂದೆ ನಾನು. ತಗಡಿನ ಸಂದಿನಿಂದ ನೋಡಿದರೆ ತಗ್ಗಿನ ಅರ್ಧಭಾಗದ ಹುಲ್ಲು ಕಿತ್ತು ಕೆಂಪು ಮಣ್ಣು ಗುಡ್ಡೆಯಾಗಿತ್ತು. ಅಪ್ಪ ಸುತ್ತು ಹಾಕುತ್ತಿದ್ದ ಜಾಗದಲ್ಲೇ ಯಂತ್ರ ಬಾಯಿ ಹಾಕುತ್ತಿತ್ತು. "ಯಾರ ಕೆಲಸ ಇದು? ನಡಿ, ಆ ಕಡೆ ಬಾಗಿಲಿಗೆ ಹೋಗಿ ಕೇಳೋಣ," ಎಂದು ಅತ್ತಿಗೆ ಕೆಂಡಾಮಂಡಲವಾಗಿ ಹೊರಟಳು. ಅವಳು ಅಷ್ಟು ದೂರ ನಡೆದದ್ದನ್ನು ನಾನು ಕಂಡದ್ದು ಅದೇ ಮೊದಲು.

ಮೊದಲ ರಸ್ತೆಯ ಕಡೆ ಒಂದು ಕಬ್ಬಿಣದ ಗೇಟು, ಮೇಲೆ ತುಕ್ಕು ಹಿಡಿದ ಹಳದಿ ಬೋರ್ಡು: ಪ್ರಾಥಮಿಕ ಶಾಲೆಯ ಆಟದ ಮೈದಾನ. ಅತ್ತಿಗೆಯ ನಡಿಗೆ ನಿಧಾನವಾಯಿತು. ತಿರುವಿನಾಚೆ ಎರಡನೇ ರಸ್ತೆಯಲ್ಲಿ ಹಸಿರು ಬೋರ್ಡು: ನಗರಸಭೆ ಉದ್ಯಾನ, ಪೂರ್ವ ವಿಭಾಗ. ಅವಳು ನನ್ನ ಕೈ ಹಿಡಿದುಕೊಂಡಳು. ಅದರಿಂದ ಸ್ವಲ್ಪ ಮುಂದೆ ಒಂದು ಕಂಬಕ್ಕೆ ನೀಲಿ ಫಲಕ: ಆರೋಗ್ಯ ನಡಿಗೆ ಪಥ. ಮೂರನೇ ರಸ್ತೆಗೆ ಅವಳು ಬರುವುದಿಲ್ಲ ಎಂದಳು, ನಾನೇ ಎಳೆದುಕೊಂಡು ಹೋದೆ. ಕೆಂಪಕ್ಷರದಲ್ಲಿ ಬರೆದಿತ್ತು: ಕಿರು ಕ್ರೀಡಾಂಗಣ.

ಅದರ ಪಕ್ಕದಲ್ಲೇ ಬಣ್ಣ ಒಣಗದ ಐದನೇ ಬೋರ್ಡು. ಪೌಷ್ಟಿಕತೆ ಮತ್ತು ದೈಹಿಕ ಚಟುವಟಿಕೆ ಸಂಪನ್ಮೂಲ ಕೇಂದ್ರ, ಕೆಳಗೆ ಅವಳದೇ ಒಕ್ಕೂಟದ ಹೆಸರು.

ಅತ್ತಿಗೆ ಫುಟ್‌ಪಾತಿನ ಮೇಲೆ ಕೂತುಬಿಟ್ಟಳು. ನಾನೂ ಕೂತೆ. ಒತ್ತೊತ್ತಾಗಿ ಚುಚ್ಚಿದ್ದ ಆ ನಾಲ್ಕು ಪಿನ್ನುಗಳು ನನ್ನ ಕಣ್ಣಿಗೆ ಕಟ್ಟಿದವು. ನಾಲ್ಕು ಇಲಾಖೆಯವರೂ ಸುಳ್ಳು ಹೇಳಿರಲಿಲ್ಲ. ಅವರವರ ಬಾಗಿಲು, ಅವರವರ ಬೋರ್ಡು, ಅವರವರ ಪಿನ್ನು. ಜಾಗ ಮಾತ್ರ ಒಂದೇ.

"ಅಕ್ಕಾ," ಎಂದಳು ಅತ್ತಿಗೆ, ಯಾರದೋ ದನಿಯಂತಿತ್ತು. "ತಗ್ಗು ಯಾರ ಲೆಕ್ಕದಲ್ಲೂ ಇಲ್ಲ ಅಂದುಕೊಂಡಿದ್ದೆ. ನಾಲ್ಕು ಜನರ ಲೆಕ್ಕದಲ್ಲೂ ಇತ್ತು."

ಅಲ್ಲಿಂದಲೇ ಅಧ್ಯಕ್ಷರಿಗೆ ಫೋನ್ ಮಾಡಿದಳು. ನನಗೂ ಕೇಳಲೆಂದು ಸ್ಪೀಕರ್ ಹಾಕಿ ನನ್ನ ಕೈಗೆ ಕೊಟ್ಟಳು. ನಡೆದದ್ದನ್ನೆಲ್ಲ ಹೇಳಿದಳು. ಆಮೇಲೆ ಅಧ್ಯಕ್ಷರು ಬಹಳ ಸಮಾಧಾನದಿಂದ ಹೇಳಿದರು, "ನೀನು ಯಾಕಮ್ಮ ಇಷ್ಟು ಗಾಬರಿಯಾಗ್ತೀಯ? ಒಂದು ಹೋದ್ರೂ ಆ ಭಾಗದಲ್ಲಿ ಇನ್ನೂ ಮೂರು ಉಳಿಯುತ್ತಲ್ಲ."

ನಾನು ಫೋನಿಗೆ ಬಾಯಿ ಹಾಕಿ ಏನೋ ಅನ್ನಲು ಹೊರಟೆ, ಅತ್ತಿಗೆ ನನ್ನ ಬಾಯಿ ಮುಚ್ಚಿದಳು.

ಮಧ್ಯಾಹ್ನ ಓಣಿಯವರು ಕಂಡಿಯ ಬಳಿ ಸೇರಿ ಗಲಾಟೆ ಎಬ್ಬಿಸಿದಾಗ ಎಂಜಿನಿಯರೂ ಅದೇ ಮಾತು ಹೇಳಿದ. ಕೈಯಲ್ಲಿ ಯೋಜನೆಯ ಪುಸ್ತಕ ಹಿಡಿದು, ಈ ಭಾಗದಲ್ಲಿ ಇನ್ನೂ ಮೂರು ಮೈದಾನಗಳಿವೆ, ಯಾರಿಗೂ ತೊಂದರೆಯಾಗದು ಎಂದು ಓದಿದ. ಅಪ್ಪ ಗುಂಪಿನ ಹಿಂದೆ ಕೋಲೂರಿ ನಿಂತು ಎಲ್ಲ ಕೇಳಿಸಿಕೊಂಡರು. ನಮ್ಮ ಪ್ಲಾನಮ್ಮ ಬರೆದ ಪುಸ್ತಕ ಅಲ್ಲವೇ, ಸುಳ್ಳಿರಲು ಸಾಧ್ಯವೇ ಇಲ್ಲ ಎಂದು ಪಕ್ಕದವರಿಗೆ ಸಮಾಧಾನವನ್ನೂ ಹೇಳಿದರು.

ಮಾರನೇ ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ಅಪ್ಪ ಶೂ ಹಾಕಿ ಬಾಗಿಲಲ್ಲಿ ತಯಾರಾಗಿದ್ದರು. ಅತ್ತಿಗೆ ಆಫೀಸಿನ ಚೀಲ ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದಳು.

"ಪ್ಲಾನಮ್ಮಾ, ಇನ್ನೂ ಮೂರು ಮೈದಾನ ಇದ್ಯಂತಲ್ಲ. ಅದರಲ್ಲಿ ಹತ್ತಿರದ್ದು ಯಾವುದು? ದಾರಿ ಹೇಳು, ನಾನೇ ಹೋಗ್ತೀನಿ."

ಅತ್ತಿಗೆಯ ಹೆಗಲಿಂದ ಚೀಲ ಜಾರಿತು. ಹೊಸ್ತಿಲ ಮೇಲೆ ಕೂತು ಅಪ್ಪನ ಶೂಗಳನ್ನೇ ನೋಡುತ್ತಾ ಹೇಳಿದಳು, "ಮೂರೂ ಅದೇ ಮಾವಾ. ನಾಲ್ಕೂ ನಮ್ಮ ತಗ್ಗೇ. ನಾಲ್ಕು ಕಡೆಯಿಂದ ನಾಲ್ಕು ಜನ ಎಣಿಸಿದ್ರು, ನಾನು ನಾಲ್ಕು ಅಂತ ಬರೆದೆ. ಇಲ್ಲಿ ಜಾಸ್ತಿ ಇದೆ, ಒಂದು ತಗೊಳ್ಳಿ ಅಂತ ಹೇಳಿದ್ದೂ ನಾನೇ. ನಿಮ್ಮ ತಗ್ಗನ್ನ ನಾನೇ ಕೊಟ್ಟುಬಿಟ್ಟೆ."

ಅಪ್ಪ ನನ್ನ ಮುಖ ನೋಡಿದರು, ಇದು ತಮಾಷೆಯೇ ಎಂದು ಕೇಳುವಂತೆ. ನಾನು ತಲೆ ತಗ್ಗಿಸಿದೆ.

"ಅಂದ್ರೆ ಒಂದೇ ಬಸ್ಸಿಗೆ ನಾಲ್ಕು ಬೋರ್ಡು ಹಾಕಿ, ನಾಲ್ಕು ಬಸ್ ಬಿಟ್ಟಿದ್ದೀವಿ ಅಂದ ಹಾಗಾಯ್ತಲ್ಲಮ್ಮ," ಎಂದರು ಕೊನೆಗೆ. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. ಕುರ್ಚಿಯಲ್ಲಿ ಕೂತು ಎಡಗೈಯೊಂದರಲ್ಲೇ ಶೂ ಲೇಸು ಬಿಚ್ಚಿದರು, ಬಿಚ್ಚಿ ಮಂಚದ ಕೆಳಗೆ ದೂಡಿದರು.

ಅತ್ತಿಗೆ ಸುಮ್ಮನೆ ಕೂರಲಿಲ್ಲ ಎನ್ನುವುದನ್ನು ನಾನು ಹೇಳಲೇಬೇಕು. ಪತ್ರ ಬರೆದಳು, ಕಚೇರಿಗಳನ್ನು ಸುತ್ತಿದಳು, ಉಪಸಮಿತಿ ಕರೆದಳು. ಹೋದಲ್ಲೆಲ್ಲ ಅವರವರ ಕಡತ ತೆಗೆದು ತೋರಿಸುತ್ತಿದ್ದರು: ನಮ್ಮ ಮೈದಾನ ಇದೆಯಲ್ಲ ಮೇಡಂ, ಇಲ್ಲಿ ನೋಡಿ, ಹೋದದ್ದು ಬೇರೆ ಯಾರದೋ ಇರಬೇಕು. ಹೋದ ಮೈದಾನ ಪ್ರತಿಯೊಬ್ಬರಿಗೂ ಪಕ್ಕದವರದ್ದು. ಇದನ್ನು ಕೇಳಿದಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು. "ಕತ್ತರಿ ತಗೊಂಡು ನಾನೂ ಬರ್ಲೇನೇ?" ಎಂದರೆ, "ಇನ್ನೊಂದು ಮೀಟಿಂಗ್ ಇದೆ ಅಕ್ಕಾ, ತಡಿ," ಎನ್ನುತ್ತಿದ್ದಳು. ಅವಳಿಗೆ ಮೀಟಿಂಗಿನ ಮೇಲೆ ಇದ್ದ ನಂಬಿಕೆ ದೊಡ್ಡದು. ನನಗದು ಸುತರಾಂ ಅರ್ಥವಾಗುವುದಿಲ್ಲ.

ಅಷ್ಟರಲ್ಲಿ ಅಪ್ಪನ ಕಾಲು ಕಾಯಲಿಲ್ಲ. ಮೊದಮೊದಲು ನಾನು ಓಣಿಯಲ್ಲೇ ನಡೆಸಿದೆ. ಸ್ಕೂಟರುಗಳ ಹಾರ್ನಿಗೆ ಬೆಚ್ಚಿ ಒಮ್ಮೆ ಚರಂಡಿಯ ಕಡೆ ವಾಲಿದರು, ಆಮೇಲೆ ಬರಲೊಪ್ಪಲಿಲ್ಲ. ನಲವತ್ತು ಸೀಟಿನ ಬಸ್ಸು ಓಡಿಸಿದವರು ಸ್ಕೂಟರಿಗೆ ಹೆದರಿದರು. ನಲ್ಲಿ ಸ್ಟಾಪು ಹೋಯಿತು, ಬಾಗಿಲು ಹೋಯಿತು, ಕೊನೆಗೆ ಕುರ್ಚಿ ಮಾತ್ರ ಉಳಿಯಿತು. ಮೊಣಕಾಲು ಒಣಕಟ್ಟಿಗೆಯ ಹಾಗೆ ಬಿಗಿಯಿತು. ಗೋಡೆಯ ಮೇಲಿನ ಆ ರೂಟಿನ ಕಾಗದವನ್ನು ಅತ್ತಿಗೆ ಕಣ್ಣೆತ್ತಿಯೂ ನೋಡದಂತಾದಳು. ಒಂದು ದಿನ ಅಪ್ಪ ಮಂಚದಿಂದ ಕುರ್ಚಿಗೆ ಬರುವಾಗ ನೆಲಕ್ಕೆ ಕುಸಿದರು. ಎತ್ತಲು ನಾವು ಮೂವರೂ ಬೇಕಾಯಿತು. ಅವರನ್ನು ಮಲಗಿಸಿ ಹೊರಬಂದ ಅತ್ತಿಗೆ, "ಸಾಕು ಅಕ್ಕಾ. ಇನ್ನು ಪತ್ರ ಬರೆಯಲ್ಲ," ಎಂದಳು.

ಅವಳೇ ಬರೆದ ಕಾರ್ಯಯೋಜನೆಯಲ್ಲಿ ಆಗಾಗ ಸ್ಥಳ ಪರಿಶೀಲನೆ ಆಗಬೇಕು ಎಂದು ಒಂದು ಸಾಲಿತ್ತು. ಅದನ್ನು ಈವರೆಗೆ ಯಾರೂ ಮಾಡಿರಲಿಲ್ಲ, ಅವಳೂ ಸೇರಿ. ಈಗ ನಾಲ್ಕು ಇಲಾಖೆಯ ಅಧಿಕಾರಿಗಳಿಗೂ ಬೇರೆಬೇರೆಯಾಗಿ ಫೋನ್ ಮಾಡಿ, ಒಂದೇ ದಿನ, ಒಂದೇ ಹೊತ್ತಿಗೆ ಕರೆದಳು. "ನಿಮ್ಮ ಮೈದಾನಕ್ಕೆ, ನಿಮ್ಮ ಬೋರ್ಡಿನ ಹತ್ತಿರ ಬನ್ನಿ ಸರ್. ಅಧ್ಯಕ್ಷರೂ ಬರ್ತಾರೆ," ಎಂದಷ್ಟೇ ಹೇಳಿದಳು. ಪರಿಶೀಲನೆ ಎಂಬ ಮಾತು ಕೇಳಿಯೇ ಗುತ್ತಿಗೆಯವನು ಕೆಲಸ ನಿಲ್ಲಿಸಿ, ಸುತ್ತಲಿನ ತಗಡುಗಳನ್ನೆಲ್ಲ ಬಿಚ್ಚಿಸಿದ. ಅಧ್ಯಕ್ಷರನ್ನು ಮಾತ್ರ ಅವಳು ನಮ್ಮ ಓಣಿಯ ಕಡೆಯಿಂದ, ನನ್ನ ಅಂಗಡಿ ದಾಟಿಸಿ ಕರೆತಂದಳು. ಅಣ್ಣ, ನಾನು ಅಪ್ಪನನ್ನು ಎರಡೂ ಕಡೆ ಹಿಡಿದು, ಹೆಚ್ಚುಕಡಿಮೆ ಹೊತ್ತುಕೊಂಡೇ ಹೋಗಿ ಕಂಡಿಯ ಒಳಗೆ ಕುರ್ಚಿ ಹಾಕಿ ಕೂರಿಸಿದೆವು. ಮುಂದೆ ದೊಡ್ಡ ಹಳ್ಳ ಬಾಯ್ತೆರೆದಿತ್ತು.

ಹೇಳಿದ ಹೊತ್ತಿಗೆ ಆ ಕಡೆ ಒಂದು ಜೀಪು ನಿಂತಿತು. ಶಾಲೆಯ ಅಧಿಕಾರಿ ಇಳಿದು, ಹಳದಿ ಬೋರ್ಡಿನ ಕೆಳಗೆ ನಿಂತು ಕಡತ ಬಿಚ್ಚಿದರು. ತಲೆಯೆತ್ತಿದರೆ ಹಳ್ಳದಾಚೆ ಹಸಿರು ಬೋರ್ಡಿನ ಕೆಳಗೆ ಉದ್ಯಾನದ ಅಧಿಕಾರಿ.

"ನೀವೇನ್ ಸಾರ್ ಇಲ್ಲಿ?" ಎಂದು ಇವರು ಕೂಗಿದರು.

"ನಮ್ಮ ಉದ್ಯಾನ ನೋಡೋಕೆ ಬಂದೆ. ನೀವು?"

"ಉದ್ಯಾನ ಎಲ್ಲಿದೆ? ಇದು ನಮ್ಮ ಶಾಲೆ ಮೈದಾನ!"

ಅಷ್ಟರಲ್ಲಿ ಕ್ರೀಡೆಯವರು, ಸೀಟಿ ಕೊರಳಿಗೆ ಹಾಕಿಕೊಂಡೇ ಬಂದವರು, ಕೆಂಪು ಬೋರ್ಡಿನ ಕಡೆಯಿಂದ "ಯಾರ್ರೀ ಅದು, ನಮ್ಮ ಕ್ರೀಡಾಂಗಣದಲ್ಲಿ?" ಎಂದು ಗದರಿದರು. ನೀಲಿ ಫಲಕದ ಪಕ್ಕದಲ್ಲಿ ಆರೋಗ್ಯದ ಅಧಿಕಾರಿ ತನ್ನ ನಡಿಗೆ ಪಥ ಎಲ್ಲಿ ಹೋಯಿತೆಂದು ಹಳ್ಳದೊಳಗೆ ಬಗ್ಗಿ ನೋಡುತ್ತಿದ್ದರು. ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಅಂದು ಯಾರಿಗೂ ನಗು ಬರಲಿಲ್ಲ. ಕೂಗಾಟ ತಾನಾಗಿಯೇ ನಿಂತಿತು. ನಾಲ್ವರೂ ಅವರವರ ಬೋರ್ಡಿನ ಬಳಿ ನಿಂತು, ಒಬ್ಬರನ್ನೊಬ್ಬರು, ಆಮೇಲೆ ನಡುವಿನ ಹಳ್ಳವನ್ನು ನೋಡಿದರು.

ಅಧ್ಯಕ್ಷರು ಬೆರಳು ಮಡಚಿ ಬೋರ್ಡುಗಳನ್ನು ಎಣಿಸಿದರು.

"ಹಾಗಾದ್ರೆ ಆ ಉಳಿದ ಮೂರು?"

"ಇದೇ ಸರ್," ಎಂದಳು ಅತ್ತಿಗೆ.

ಅವರು ಮಣ್ಣಿನ ಗುಡ್ಡೆಯ ಮೇಲೆ, ಬಿಳಿ ಪ್ಯಾಂಟಿನ ಗೊಡವೆಯಿಲ್ಲದೆ ಕೂತರು. ಅಲ್ಲಿಂದಲೇ ತಲೆಯೆತ್ತಿ ಕೇಳಿದರು, "ಅಮ್ಮಾ, ನಕಾಶೆಯಲ್ಲಿ ಉಳಿದ ಊರುಗಳು?"

"ಪಿನ್ನು ಎಲ್ಲೆಲ್ಲಿ ಒತ್ತಾಗಿದ್ಯೋ ಅಲ್ಲೆಲ್ಲ ಕಾಲಲ್ಲಿ ನಡೆದು ನೋಡ್ಬೇಕು ಸರ್. ಎಷ್ಟಿದೆ ಅಂತ ನನಗೂ ಗೊತ್ತಿಲ್ಲ."

ಇಡೀ ರಾಜ್ಯದ ಯೋಜನೆ ಎಷ್ಟು ನಿಜ ಎನ್ನುವುದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ.

ಕಟ್ಟಡದ ಕೆಲಸ ಅಂದೇ ರದ್ದಾಯಿತು. ಕೇಂದ್ರಕ್ಕೆ ಅವರ ಕಚೇರಿಯ ಮೇಲಿನ ಮಹಡಿಯೇ ಸಾಕು ಎಂದು ಅಧ್ಯಕ್ಷರು ಸ್ಥಳದಲ್ಲೇ ಹೇಳಿದರು. ಹೊರಡುವ ಮುಂಚೆ ಅಧಿಕಾರಿಗಳಿಗೆ ಏನೋ ಸಂಕೋಚ. ಒಬ್ಬೊಬ್ಬರೇ ಬಂದು ಅ‍ಪ್ಪನ ಕೈ ಕುಲುಕಿ, "ಮತ್ತೆ ನಡೀಬಹುದು ಬಿಡಿ ಯಜಮಾನ್ರೇ," ಎಂದು ಬೆನ್ನು ತಟ್ಟಿ, ಜೊತೆಗೆ ನಿಂತು ಫೋಟೋ ತೆಗೆಸಿಕೊಂಡರು. ಅಪ್ಪ ಪ್ರತಿ ಫೋಟೋಗೂ ಮರ್ಯಾದೆಯಿಂದ ಕೋಲನ್ನು ನೆಟ್ಟಗೆ ಹಿಡಿದರು.

ಹಳ್ಳ ಮುಚ್ಚಿದರು, ರೋಲರ್ ಓಡಿಸಿದರು, ಅಲ್ಲೊಂದು ಇಲ್ಲೊಂದು ಹುಲ್ಲು ಚಿಗುರಿತು, ಮಕ್ಕಳು ಚೆಂಡು ತಂದರು. ಅತ್ತಿಗೆ ಈಗ ವಾರಕ್ಕೆ ಮೂರು ದಿನ ಊರೂರು ತಿರುಗಿ, ಬಯಲುಗಳ ಸುತ್ತ ನಡೆದು, ನಕಾಶೆಯಿಂದ ಪಿನ್ನು ಕೀಳುವ ಕೆಲಸದಲ್ಲಿದ್ದಳು. ಚಪ್ಪಲಿ ಸವೆದಿತ್ತು, ಡಬ್ಬಿ ಖಾಲಿಯಾಗಿ ವಾಪಸು ಬರುತ್ತಿತ್ತು. ಎಲ್ಲ ಸರಿಹೋಯಿತು, ಅಪ್ಪನ ಕಾಲೊಂದು ಬಿಟ್ಟು. ತಗ್ಗು ಸಿದ್ಧವಾದಾಗ ಅಪ್ಪ ಏಳಲೇ ಇಲ್ಲ. "ಆಗಲ್ಲಮ್ಮ, ಗಾಡಿ ಷೆಡ್ಡಿಗೆ ಹೋಯ್ತು," ಎಂದು ನಕ್ಕು ಗೋಡೆ ಕಡೆ ತಿರುಗಿದರು. ಅತ್ತಿಗೆ ಅವರ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ಊಟ ಕೊಟ್ಟು, ತಟ್ಟೆ ತೆಗೆದುಕೊಂಡು ಹೋಗುತ್ತಿದ್ದಳು.

ಮೊನ್ನೆ ಭಾನುವಾರ ಬೆಳಿಗ್ಗೆ ಅವಳು ಅಪ್ಪನ ಕೋಣೆಯ ಕಿಟಕಿಯ ಬಳಿ ಕೂತು ಫೋನಿನಲ್ಲಿ ಇಲಾಖೆಗಳ ವರದಿ ನೋಡುತ್ತಿದ್ದಳು. ನಾನು ಅಪ್ಪನ ಅಂಗಿಗೆ ಹೊಲಿಗೆ ಹಾಕುತ್ತಿದ್ದೆ. ಇದ್ದಕ್ಕಿದ್ದಂತೆ ಅವಳು "ಅಯ್ಯೋ" ಎಂದಳು. ಆ ದನಿಗೆ ಸೂಜಿ ನನ್ನ ಬೆರಳಿಗೆ ಚುಚ್ಚಿತು.

"ಏನೇ?"

ಅವಳು ಫೋನನ್ನು ನನ್ನತ್ತ ತಿರುಗಿಸಿದಳು. ಶಾಲೆಯವರ ವರದಿ: ಒಂದು ಮೈದಾನ ಉಳಿಸಲಾಗಿದೆ, ಒಬ್ಬ ಹಿರಿಯ ನಾಗರಿಕರು ಮತ್ತೆ ನಡಿಗೆ ಆರಂಭಿಸಿದ್ದಾರೆ. ಪಕ್ಕದಲ್ಲಿ ಅಪ್ಪನ ಫೋಟೋ. ಉದ್ಯಾನದವರ ವರದಿಯಲ್ಲೂ ಅದೇ, ಅಪ್ಪನ ಫೋಟೋ. ಕ್ರೀಡೆಯವರದ್ದು, ಆರೋಗ್ಯದವರದ್ದು. ಕೊನೆಯಲ್ಲಿ ಅವಳ ಕಚೇರಿಯ ಹೊಸ ಗುಮಾಸ್ತ ಎಲ್ಲವನ್ನೂ ಕೂಡಿಸಿ ಬರೆದಿದ್ದ: ಉಳಿಸಿದ ಮೈದಾನಗಳು ನಾಲ್ಕು, ಮತ್ತೆ ನಡೆಯುತ್ತಿರುವ ಹಿರಿಯರು ನಾಲ್ವರು.

ಅತ್ತಿಗೆ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ, ಭುಜ ಮಾತ್ರ ಕುಲುಕುತ್ತಿತ್ತು.

"ಏನಮ್ಮ ಅದು?" ಮಂಚದಿಂದ ಅಪ್ಪ ಕೇಳಿದರು.

ಅವಳು ಮುಚ್ಚಿಡಲಿಲ್ಲ. ಹತ್ತಿರ ಹೋಗಿ ಒಂದೊಂದೇ ಫೋಟೋ ತೋರಿಸಿ ಓದಿ ಹೇಳಿದಳು. ಅಪ್ಪ ತಮ್ಮ ನಾಲ್ಕು ಮುಖಗಳನ್ನೂ ಗಮನವಿಟ್ಟು ನೋಡಿದರು.

"ನಾಲ್ಕು ಜನ ನಡೀತಿದ್ದೀವಾ?"

"ಹೂಂ ಮಾವಾ."

"ಥೂ, ಇದೇನಮ್ಮ ಅನ್ಯಾಯ. ನಾಲ್ಕರಲ್ಲಿ ಒಬ್ಬನಾದ್ರೂ ನಡೀಬೇಡ್ವಾ? ಕೋಲು ಕೊಡು ಇಲ್ಲಿ."

ಅವರು ಎಡಗೈಯಲ್ಲಿ ಮಂಚದ ಅಂಚು ಹಿಡಿದರು. ಅತ್ತಿಗೆ ಒಂದು ತೋಳು ಹಿಡಿದಳು, ನಾನು ಇನ್ನೊಂದು. ಮೊಣಕಾಲು ಲಟಕ್ಕೆಂದಿತು, ಅಪ್ಪ ಹಲ್ಲು ಕಚ್ಚಿದರು. ಕುರ್ಚಿಯ ಬಳಿ ನಿಂತೆವು. ಬಾಗಿಲ ಬಳಿ ನಿಂತೆವು, ಅಪ್ಪನಿಗೆ ಹಾರ್ನ್ ಹೊಡೆಯುವಷ್ಟು ಉಸಿರಿರಲಿಲ್ಲ. ನಲ್ಲಿ ಮುಟ್ಟುವಷ್ಟರಲ್ಲಿ ಬೆವರು ಕಿತ್ತುಕೊಂಡು ಬಂತು, ಇನ್ನು ಆಗಲ್ಲ ಎಂದು ತಲೆಯಾಡಿಸಿದರು. ಕಂಡಿ ಅಲ್ಲಿಂದ ಕಾಣುತ್ತಿತ್ತು, ಅದರಾಚೆ ಮಕ್ಕಳ ಗದ್ದಲ ಕೇಳುತ್ತಿತ್ತು.

ಅತ್ತಿಗೆ ಒಂದು ಕೈಯಲ್ಲಿ ಅಪ್ಪನ ತೋಳು ಬಿಡದೆ, ಇನ್ನೊಂದರಲ್ಲಿ ಗುಮಾಸ್ತನಿಗೆ ಫೋನ್ ಮಾಡಿದಳು. "ಆ ವರದಿ ತಿದ್ದಬೇಕು," ಎಂದಳು. "ಮೈದಾನ ನಾಲ್ಕಲ್ಲ, ಒಂದು. ಹಿರಿಯರೂ ನಾಲ್ವರಲ್ಲ, ಒಬ್ಬರೇ. ಅವರೂ ಮೈದಾನದವರೆಗೆ ಬಂದಿಲ್ಲ, ನಲ್ಲಿವರೆಗೆ ಬಂದಿದ್ದಾರೆ. ಹೂಂ, ನಲ್ಲಿ. ಹಾಗೇ ಬರ್ಕೊಳ್ಳಿ."